ಎಂಟನೇ ನಂಬರ್ ಜೆರ್ಸಿ

ಕಳೆದ ತಿಂಗಳು ನಮ್ಮ ಡಿಗ್ರಿ ಕಾಲದ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಂದು ಹಳೇ ಫೋಟೋ ಹಾಕಿದರು. ಕಾಲೇಜು ಫುಟ್‌ಬಾಲ್ ಟೀಮು, ಎರಡು ಸಾಲು, ನಡುವೆ ಕಪ್, ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತ ನಮ್ಮ ಪಿ.ಡಿ. ಸರ್, ಅಂದರೆ ಆಟ ಕಲಿಸುವ ಫಿಸಿಕಲ್ ಡೈರೆಕ್ಟರ್. ಗ್ರೂಪು ಆರು ತಿಂಗಳಿಂದ ಸತ್ತಂತಿತ್ತು, ಗುಡ್ ಮಾರ್ನಿಂಗ್ ಹೂವು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಅವತ್ತು ಮಾತ್ರ ರಾತ್ರಿ ಹನ್ನೊಂದರವರೆಗೂ ಟಣ್ ಟಣ್ ಅನ್ನುತ್ತಲೇ ಇತ್ತು. ಎಂಥ ಟೀಮು ಮಾರಾಯ, ಎಂಥ ದಿನಗಳು ಮಾರಾಯ, ಹೊಟ್ಟೆ ನೋಡ್ರೋ ಈಗ, ಇತ್ಯಾದಿ. ನಡುವೆ ಒಬ್ಬ ಕೇಳಿದ: "ನಮ್ಮ ಎಂಟನೇ ನಂಬರ್ ಎಲ್ಲಿ? ಫೋಟೋದಲ್ಲಿ ಕಾಣ್ತಾನೇ ಇಲ್ಲ." ಯಾರೂ ಉತ್ತರ ಕೊಡಲಿಲ್ಲ. ಮಾತು ಮತ್ತೆ ಹೊಟ್ಟೆಗೆ ಹೋಯಿತು.

ಎಂಟನೇ ನಂಬರ್ ಫೋಟೋದಲ್ಲಿ ಇದೆ. ಹಿಂದಿನ ಸಾಲಿನ ಬಲತುದಿ, ಭುಜದ ಹತ್ತಿರ ಹರಿದು ನೀಲಿ ದಾರದಲ್ಲಿ ಹೊಲಿದ ಜೆರ್ಸಿ. ಅದನ್ನು ಹಾಕಿಕೊಂಡು ನಿಂತಿರುವವನು ನಾನು. ಎಲ್ಲರ ಬಟ್ಟೆ ಬೆವರು ಮಣ್ಣಲ್ಲಿ ಮಿಂದಿದ್ದರೆ ನನ್ನದು ಇಸ್ತ್ರಿ ಮಾಡಿದಷ್ಟು ಶುಭ್ರ. ಫೋಟೋ ದೊಡ್ಡದು ಮಾಡಿ ನೋಡಿದರೆ ಗೊತ್ತಾಗುತ್ತದೆ. ಯಾರೂ ದೊಡ್ಡದು ಮಾಡಿಲ್ಲ ಅಂತ ಕಾಣುತ್ತದೆ.

ಹಾಕಿ ಊರಲ್ಲಿ ಫುಟ್‌ಬಾಲ್

ಕೊಡಗಿನಲ್ಲಿ ಫುಟ್‌ಬಾಲ್ ಆಡುವುದು ಅಂದರೆ ಮದುವೆ ಮನೆಗೆ ಹೋಗಿ ಊಟ ಬೇಡ, ಬರೀ ನೀರು ಸಾಕು ಅಂದಂತೆ. ಕಾಲೇಜಿನ ಗ್ರೌಂಡು ಬೆಳಿಗ್ಗೆ ಹಾಕಿಯವರಿಗೆ, ಸಂಜೆಯೂ ಹಾಕಿಯವರಿಗೆ. ಕ್ರೀಡಾ ಬಜೆಟ್ಟು, ಅಸೆಂಬ್ಲಿಯಲ್ಲಿ ಚಪ್ಪಾಳೆ, ಪೇಪರಿನಲ್ಲಿ ಫೋಟೋ ಎಲ್ಲ ಅವರದೇ. ತಪ್ಪು ಅಂತ ಹೇಳುತ್ತಿಲ್ಲ. ಗಣೇಶ್, ಗೋವಿಂದ, ಸೋಮಯ್ಯ ಅವರಿಂದ ಹಿಡಿದು ಅರ್ಜುನ್ ಹಾಲಪ್ಪ, ರಘುನಾಥ್, ಸುನಿಲ್‌ವರೆಗೆ ದೇಶಕ್ಕೆ ಇಷ್ಟು ಜನ ಆಟಗಾರರನ್ನು ಕೊಟ್ಟ ಸಣ್ಣ ಜಿಲ್ಲೆ ಇದು. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ 2025ರಲ್ಲಿ ಮಡಿಕೇರಿಯಲ್ಲಿ ನಡೆದಾಗ 396 ಕುಟುಂಬಗಳ ತಂಡ ಬಂದವು. ಅಜ್ಜನೂ ಮೊಮ್ಮಗಳೂ ಒಂದೇ ಟೀಮಿನಲ್ಲಿ ಸ್ಟಿಕ್ ಹಿಡಿಯುವ ಊರು.

ಫುಟ್‌ಬಾಲ್ ಇರುವುದು ಬೇರೆ ಕಡೆ. ಸುಂಟಿಕೊಪ್ಪ, ಸಿದ್ದಾಪುರ, ಅಮ್ಮತ್ತಿ ಸುತ್ತ. ತೋಟದ ಲೈನ್ ಮನೆಗಳ (ಆಳುಗಳ ಸಾಲುಮನೆ) ಹಿಂದೆ, ಕಾಫಿ ಒಣಗಿಸುವ ಕಣದಲ್ಲಿ, ಕೇರಳದಿಂದ ಬಂದು ನೆಲೆಸಿದವರ ಸೆವೆನ್ಸ್ ಆಟದಲ್ಲಿ, ಅಂದರೆ ಕಡೆಗೆ ಏಳೇಳು ಜನರ ಫುಟ್‌ಬಾಲಿನಲ್ಲಿ. ಸ್ಟಿಕ್ಕಿಗೆ ದುಡ್ಡು ಬೇಕು. ಬಾಲು ಒಂದಿದ್ದರೆ ಇಡೀ ಲೈನಿಗೆ ಸಾಕು. ಸುಂಟಿಕೊಪ್ಪದ ಗೋಲ್ಡ್ ಕಪ್ ನೋಡಿದವರಿಗೆ ಅಲ್ಲಿನ ಜನಜಾತ್ರೆ ಗೊತ್ತಿರುತ್ತದೆ, ವಿವರಿಸುವುದಿಲ್ಲ.

ನಮ್ಮ ಟೀಮು ಹುಟ್ಟಿದ್ದು 2006ರ ಮಳೆಗಾಲದಲ್ಲಿ, ವರ್ಲ್ಡ್ ಕಪ್ ಜ್ವರದಲ್ಲಿ. ಜುಲೈ 9ರ ಫೈನಲ್ಲು ನಮಗೆ ರಾತ್ರಿ ಹನ್ನೊಂದೂವರೆಗೆ. ಸಿದ್ದಾಪುರದ ಒಂದು ಅಂಗಡಿಯ ಹಿಂದಿನ ರೂಮಿನಲ್ಲಿ ಮೂವತ್ತು ಜನ, ಒಂದು ಟೀವಿ, ಒದ್ದೆ ಕೊಡೆಗಳ ವಾಸನೆ. ಫ್ರಾನ್ಸಿನ ಜಿದಾನ್ ಪೆನಾಲ್ಟಿಯನ್ನು ಸುಮ್ನೆ ಚಮಚದಲ್ಲಿ ಎತ್ತಿದ ಹಾಗೆ ಎತ್ತಿ, ಅದು ಮೇಲಿನ ಕಂಬಕ್ಕೆ ಬಡಿದು ಒಳಗೆ ಬಿದ್ದದ್ದು ಕಂಡೆವು. ಎಕ್ಸ್‌ಟ್ರಾ ಟೈಮಿನ ನಡುವೆ ಕರೆಂಟು ಹೋಯಿತು. ಜಿದಾನ್ ತಲೆಯಲ್ಲಿ ಗುದ್ದಿದ್ದು, ರೆಡ್ ಕಾರ್ಡು, ಇಟಲಿ ಗೆದ್ದದ್ದು ಯಾವುದೂ ನಾವು ನೋಡಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಕಂಡಕ್ಟರ್ ಹೇಳಿದಾಗ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆವು. ಆ ರಾತ್ರಿ ನನ್ನ ಪಕ್ಕ ಕೂತಿದ್ದವನೇ ಅವನು, ನಮ್ಮ ಎಂಟನೇ ನಂಬರ್. ಕತ್ತಲಲ್ಲಿ ಎಲ್ಲರೂ ಕರೆಂಟಿನವರನ್ನು ಬೈಯುತ್ತಿದ್ದರೆ ಅವನು ಮಾತ್ರ ಕಾಲ ಬೆರಳು ಆಡಿಸುತ್ತಾ, "ಹಾಗೆ ಎತ್ತೋದಕ್ಕೆ ಬಾಲಿನ ಕೆಳಗೆ ಎಷ್ಟು ಹೋಗಬೇಕು?" ಅಂತ ಕೇಳಿದ. ನನಗೇನು ಗೊತ್ತು.

ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ಅವನಿಗೆ ಇಷ್ಟವಾಗುವುದಿಲ್ಲ. ನಮ್ಮಪ್ಪ ರೈಟರ್ (ಲೆಕ್ಕ ಬರೆಯುವವರು) ಆಗಿದ್ದ ತೋಟದಲ್ಲೇ ಅವನಪ್ಪ ಆಳು. ನಮ್ಮ ಕ್ವಾರ್ಟರ್ಸ್ ಮೇಲೆ, ಅವರ ಲೈನು ಕೆಳಗೆ, ನಡುವೆ ಒಂದು ಕೆರೆ. ಕಾಲೇಜಿಗೆ ಒಂದೇ ಬಸ್ಸು. ಅಷ್ಟು ಗೊತ್ತಿದ್ದರೆ ಸಾಕು.

ಪಿ.ಡಿ. ಸರ್ ಕೂಡ ಹಾಕಿಯವರೇ. ಫುಟ್‌ಬಾಲ್ ಟೀಮು ಬೇಕು ಅಂತ ನಾವು ಹನ್ನೆರಡು ಜನ ಹೋಗಿ ನಿಂತಾಗ ಅವರು ಜನ ಸಾಲದು ಅಂತ ಹಾಕಿ ಟೀಮಿನಲ್ಲಿ ಜಾಗ ಸಿಗದ ಐದು ಹುಡುಗರನ್ನು ತಂದು ಸೇರಿಸಿದರು. ಅಲ್ಲಿಂದ ಶುರುವಾಯಿತು ನೋಡಿ ಮಜಾ. ಎದುರಿನವರ ಡಿಫೆನ್ಸ್ ದಾಟಿ ಮೊದಲೇ ಹೋಗಿ ಬಾಲಿಗೆ ಕಾದು ನಿಲ್ಲಬಾರದು ಅನ್ನುವ ಆಫ್‌ಸೈಡ್ ನಿಯಮ ಹಾಕಿಯಲ್ಲಿ 1990ರ ದಶಕದಲ್ಲೇ ಹೋಗಿತ್ತು. ಈ ಹುಡುಗರಿಗೆ ಆಫ್‌ಸೈಡ್ ಅಂದರೆ ಅಜ್ಜಂದಿರ ಕಾಲದ ಕಥೆ. ಎದುರಿನ ಗೋಲ್‌ಕೀಪರ್ ಹತ್ತಿರ ಹೋಗಿ ಆರಾಮಾಗಿ ನಿಂತು "ಬಾಲ್ ಹಾಕ್ರೋ" ಅಂತ ಕೂಗುತ್ತಿದ್ದರು. ಒಂದು ಫ್ರೆಂಡ್ಲಿ ಮ್ಯಾಚಿನಲ್ಲಿ ಮೊದಲ ಅರ್ಧದಲ್ಲೇ ಒಂಬತ್ತು ಆಫ್‌ಸೈಡು. ಇನ್ನೊಂದರಲ್ಲಿ ನಮ್ಮ ಕ್ಯಾಪ್ಟನ್ (ಅವನೂ ಹಾಕಿ ಮನೆಯವನೇ) ಸುಸ್ತಾಯಿತು ಅಂತ ತಾನೇ ಹೊರಗೆ ಬಂದು, ಬದಲಿಯವನನ್ನು ಒಳಗೆ ಕಳಿಸಿ, ನೀರು ಕುಡಿದು ಮತ್ತೆ ಹೊರಟ. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಓಡಾಡಬಹುದಲ್ಲ. ಇಲ್ಲಿ ಹೊರಗೆ ಬಂದರೆ ಮುಗಿಯಿತು ಅಂತ ರೆಫ್ರಿ ಹೇಳಿದಾಗ ಅವನ ಮುಖ ನೋಡಬೇಕಿತ್ತು.

ಪಿ.ಡಿ. ಸರ್ ಬುದ್ಧಿವಂತರು. ಆಫ್‌ಸೈಡ್ ಕಲಿಸುವುದು ಬಿಟ್ಟು ಹಾಕಿಯವರನ್ನೆಲ್ಲ ಹಿಂದೆ ಹಾಕಿದರು. ಬಗ್ಗಿ ನಿಲ್ಲುವುದು, ಎದುರಿನವನ ದಾರಿ ಕಟ್ಟುವುದು ಅವರಿಗೆ ರಕ್ತದಲ್ಲೇ ಇತ್ತು. ಮುಂದೆ ಲೈನ್ ಹುಡುಗರು. ಅವರ ನಡುವೆ, ಎಲ್ಲರಿಗಿಂತ ಕುಳ್ಳಗೆ, ಎಂಟನೇ ನಂಬರ್. ಸೆವೆನ್ಸ್ ಆಡಿ ಬೆಳೆದವನಾದ್ದರಿಂದ ಒಂದು ಚಾಪೆಯಷ್ಟು ಜಾಗದಲ್ಲಿ ತಿರುಗುತ್ತಿದ್ದ. ನಾನು? ನಾನು ಹದಿನೇಳನೆಯವನು. ಜೆರ್ಸಿ ಇದ್ದದ್ದು ಹದಿನಾರು. ನನ್ನ ಕೆಲಸ ಗೋಲಿನ ಹಿಂದೆ ನಿಂತು ತೋಟಕ್ಕೆ ಬಿದ್ದ ಬಾಲು ಹೆಕ್ಕಿ ತರುವುದು. ಜಿಗಣೆಗೆ ಅಂತ ಜೇಬಲ್ಲಿ ಒಂದು ಪೊಟ್ಟಣ ಉಪ್ಪು.

ಮಂಜಿನ ಗೋಲು

ಆಗ ಕೊಡಗಿನ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯದ ಕೆಳಗಿದ್ದವು. ಚಿಕ್ಕಅಳುವಾರದಲ್ಲಿ ಕೊಡಗಿಗೇ ವಿಶ್ವವಿದ್ಯಾಲಯ ಬಂದದ್ದು 2023ರಲ್ಲಿ. ಮೊದಲು ಮೇಲೆ, ನಮ್ಮ ಕಾಲೇಜುಗಳ ನಡುವೆ ಆಡಿ ಗೆಲ್ಲಬೇಕು, ಆಮೇಲೆ ಘಟ್ಟ ಇಳಿದು ಕೆಳಗಿನವರ ಜೊತೆ. ಮೇಲಿನ ಆಟಗಳ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಕೆಸರು, ಕೆಸರು, ಕೆಸರು. ನೀರು ಕುಡಿದ ಬಾಲು ಹಲಸಿನಕಾಯಿಯಷ್ಟು ಭಾರ. ಬೂಟಿನೊಳಗೆ ಪೇಪರ್ ತುರುಕಿ ಒಲೆ ಮೇಲೆ ಕಟ್ಟಿ ಒಣಗಿಸಿ, ಬೆಳಿಗ್ಗೆ ಹೊಗೆ ವಾಸನೆಯ ಬೂಟು ಹಾಕಿಕೊಂಡು ಹೋಗುವುದು.

ಒಂದೇ ಒಂದು ಆಟ ಮಾತ್ರ ಹೇಳಬೇಕು. ಮೇಲಿನ ಕೊನೆಯ ಮ್ಯಾಚು. ಎರಡನೇ ಅರ್ಧ, ಸೊನ್ನೆ ಸೊನ್ನೆ. ಮಳೆ ನಿಂತು ಮಂಜು ಇಳಿಯಿತು. ನಮ್ಮ ಕಡೆ ಮಂಜು ಹೇಗೆ ಅಂತ ಗೊತ್ತಲ್ಲ, ಬರುತ್ತಾ ಇದೆ ಅನ್ನುವಷ್ಟರಲ್ಲಿ ಬಂದಾಗಿರುತ್ತದೆ. ಮೊದಲು ಆ ಕಡೆಯ ಗೋಲುಕಂಬ ಹೋಯಿತು, ಆಮೇಲೆ ಮಧ್ಯದ ಗೆರೆ, ಆಮೇಲೆ ಬೇಲಿಯ ಪಕ್ಕ ಕೊಡೆ ಹಿಡಿದು ನಿಂತ ಹುಡುಗಿಯರು. ರೆಫ್ರಿ ಎರಡು ಸಲ ಆಟ ನಿಲ್ಲಿಸಿದರು. ಮೂರನೇ ಸಲ ನಿಲ್ಲಿಸುತ್ತಾರೆ ಅನ್ನುವಾಗ ನನಗೆ ಬರೀ ಸದ್ದು ಕೇಳುತ್ತಿತ್ತು. ಬೂಟು ಕೆಸರಿನಿಂದ ಕೀಳುವ ಪಚಕ್ ಪಚಕ್. ಯಾರೋ "ಬಲಕ್ಕೆ, ಬಲಕ್ಕೆ" ಅಂದದ್ದು.

ನಾನು ನಿಂತಿದ್ದದ್ದು ಎದುರು ಟೀಮಿನ ಗೋಲಿನ ಹಿಂದೆ. ಮಂಜಿನೊಳಗಿಂದ ಅವನು ಒಬ್ಬನೇ ಬಂದ. ಓಡುತ್ತಿರಲಿಲ್ಲ. ಬಾಲು ಒಂದು ಗುಂಡಿಯ ನೀರಿನಲ್ಲಿ ನಿಂತುಬಿಟ್ಟಿತ್ತು, ಗೋಲ್‌ಕೀಪರ್ ಅದರತ್ತ ಜಿಗಿಯಲು ಹೊರಟಿದ್ದ. ಇವನು ಬೂಟಿನ ತುದಿಯನ್ನು ನೀರೊಳಗೆ ತೂರಿ ಬಾಲನ್ನು ಎತ್ತಿದ. ಒದೆಯಲಿಲ್ಲ. ಬಾಲಿನ ಜೊತೆ ಒಂದು ಬೊಗಸೆಯಷ್ಟು ಕೆಂಪು ನೀರೂ ಎದ್ದಿತು. ಅದು ಕೀಪರ್ ತಲೆಯ ಮೇಲಿಂದ ಬಂದು, ಕಂಬಗಳ ನಡುವೆ ದಾಟಿ, ನನ್ನ ಕಾಲ ಬುಡದಲ್ಲಿ ಧಪ್ ಅಂತ ಕೂತಿತು. ಬಲೆ ಇರಲಿಲ್ಲ, ಮಳೆಗೆ ಹರಿದು ಹೋಗಿತ್ತು.

ಯಾರೂ ಕೂಗಲಿಲ್ಲ. ಯಾರಿಗೂ ಕಂಡಿರಲಿಲ್ಲ. ರೆಫ್ರಿ ಮಂಜಿನಿಂದ ಓಡಿ ಬಂದು ಬಾಲು ನೋಡಿದರು, ನನ್ನನ್ನು ನೋಡಿದರು. ನಾನು ಈ ಕಡೆಯವನು, ನನ್ನ ಮಾತು ನಡೆಯುವುದಿಲ್ಲ. ಕೆಸರಲ್ಲಿ ಕೂತಿದ್ದ ಕೀಪರ್ ಹತ್ತಿರ ಬಗ್ಗಿ "ಗೋಲಾ?" ಅಂತ ಕೇಳಿದರು. ಆ ಹುಡುಗ, ಯಾವ ಊರಿನವನೋ, ಕೈಯಲ್ಲಿ ಮುಖದ ಕೆಸರು ಒರೆಸಿಕೊಂಡು "ಹೌದು ಸಾರ್, ಗೋಲು" ಅಂದ. ಅವನು ಇಲ್ಲ ಅನ್ನಬಹುದಿತ್ತು. ಇವತ್ತಿಗೂ ನಾನು ಯಾರಾದರೂ ಕೊಡಗಿನವರ ಪ್ರಾಮಾಣಿಕತೆ ಅಂತ ಭಾಷಣ ಶುರು ಮಾಡಿದರೆ ಎದ್ದು ಹೋಗುತ್ತೇನೆ, ಆದರೆ ಆ ಕೀಪರ್ ಮಾತ್ರ ನೆನಪಾಗುತ್ತಾನೆ.

ಒಂದು ಸೊನ್ನೆ. ಆ ಒಂದು ಗೋಲಿನಿಂದ ನಾವು ಘಟ್ಟ ಇಳಿಯುವ ಹಾಗಾಯಿತು. ಅದನ್ನು ಕಂಡವರು ಇಡೀ ಜಗತ್ತಿನಲ್ಲಿ ಮೂರು ಜನ. ಹೊಡೆದವನು, ತಿಂದವನು, ಮತ್ತೆ ಬಾಲು ಹೆಕ್ಕುವ ನಾನು.

ಎರಡು ಪಟ್ಟಿ

ನವೆಂಬರ್ ಕೊನೆ. ಮೇಲಿನ ಅರೇಬಿಕಾ ಹಣ್ಣಾಗಿತ್ತು. ಒಂದು ರಾತ್ರಿ ಅಪ್ಪ ಊಟ ಮುಗಿಸಿ ಚೆಕ್‌ರೋಲ್ ಹರಡಿಕೊಂಡು ಕೂತಿದ್ದರು. ತೋಟದವರಿಗೆ ಗೊತ್ತು, ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ ಪುಸ್ತಕ, ಅದರಲ್ಲಿ ಹೆಸರಿದ್ದರೆ ಕೂಲಿ, ಇಲ್ಲದಿದ್ದರೆ ಇಲ್ಲ. ಸ್ಕೇಲಿಟ್ಟು ಗೆರೆ ಎಳೆಯುತ್ತಾ ಅಪ್ಪ ಹೇಳಿದರು, "ನಿಮ್ಮ ಫುಟ್‌ಬಾಲಿನವನು ಸೋಮವಾರದಿಂದ ಬರ್ತಾನೆ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಕೆಲಸಕ್ಕೆ."

ಅವನ ಅಪ್ಪನ ಬೆನ್ನು ಹೋಗಿತ್ತು. ಅಮ್ಮ ಮೊದಲೇ ಇರಲಿಲ್ಲ. ಮನೆಯಿಂದ ಒಬ್ಬರಾದರೂ ಕೆಲಸಕ್ಕೆ ಬರದಿದ್ದರೆ ಲೈನ್ ಮನೆ ಬಿಡಬೇಕು, ಅದು ಎಲ್ಲರಿಗೂ ಗೊತ್ತಿರುವ, ಎಲ್ಲೂ ಬರೆದಿಲ್ಲದ ನಿಯಮ. ಅಪ್ಪ ಅವನ ಹೆಸರನ್ನು ನೀಟಾಗಿ ಬರೆದರು. ಅಪ್ಪನ ಅಕ್ಷರ ಚೆಂದ. ಬರೆದು ಮುಗಿಸಿ ಸ್ವಲ್ಪ ಹೊತ್ತು ಪೆನ್ನಿನ ಕ್ಯಾಪ್ ಹಾಕದೆ ಕೂತಿದ್ದರು. ಆಮೇಲೆ ಪುಟ ಮಗುಚಿದರು.

ಶನಿವಾರ ಅವನೇ ಕಾಲೇಜಿಗೆ ಬಂದು ಜೆರ್ಸಿ ವಾಪಸ್ ಕೊಟ್ಟ. ಒಗೆದು, ಮಡಚಿ, ಪೇಪರಿನಲ್ಲಿ ಸುತ್ತಿ ತಂದಿದ್ದ. ಕೆಳಗಿನ ಆಟಕ್ಕೆ ಹೊಸದಾಗಿ ಎಲಿಜಿಬಿಲಿಟಿ ಫಾರಂ ತುಂಬಿ, ಫೋಟೋ ಅಂಟಿಸಿ, ಪ್ರಿನ್ಸಿಪಾಲರ ಸಹಿ ಹಾಕಿಸುವ ದಿನ ಅದು. ಪಿ.ಡಿ. ಸರ್ ಬೈದರು, ಆಮೇಲೆ ಸಮಾಧಾನ ಹೇಳಿದರು, ಕೊನೆಗೆ, "ಬಾಕಿ ಫೀಸ್ ನಾನು ಕಟ್ತೇನೆ, ನಾಲ್ಕು ದಿನ ಬಂದು ಆಡಿ ಹೋಗು" ಅಂದರು. ಅವನು ಹೇಳಿದ್ದು ಇಷ್ಟೇ: "ಫೀಸಲ್ಲ ಸಾರ್. ಆ ನಾಲ್ಕು ದಿನವೇ."

ಪಿ.ಡಿ. ಸರ್ ಅವನ ಹೆಸರಿನ ಮೇಲೆ ಗೆರೆ ಎಳೆದು ನನ್ನನ್ನು ಕರೆದರು. ಪಾಸ್‌ಪೋರ್ಟ್ ಫೋಟೋ ಇದೆಯಾ ಅಂತ ಕೇಳಿದರು. ಇರಲಿಲ್ಲ. ನಾನು ಸ್ಟುಡಿಯೋಗೆ ಓಡಿದೆ. ಅವನು ಇನ್ನೂ ಆಫೀಸಿನ ಬಾಗಿಲಲ್ಲೇ ನಿಂತಿದ್ದ, ನಾನು ಅವನ ಪಕ್ಕದಿಂದಲೇ ಓಡಿದೆ. ಈಗ ದುಃಖವಾಗಿತ್ತು ಅಂತ ಬರೆದರೆ ಸುಳ್ಳಾಗುತ್ತದೆ. ನನಗೆ ಖುಷಿಯಾಗಿತ್ತು. ಹದಿನೇಳನೆಯವನು ಹದಿನಾರನೆಯವನಾದ ಖುಷಿ. ಜೆರ್ಸಿ ಕಂಕುಳಲ್ಲಿ ಬಿಗಿಯಾಗುತ್ತಿತ್ತು, ಅಷ್ಟೇ.

ಕೆಳಗೆ

ಚಾಂಪಿಯನ್ ಆದ ಕಥೆ ಬೇಕಾದವರಿಗೆ ಬೇಗ ಹೇಳಿ ಮುಗಿಸುತ್ತೇನೆ. ಸಂಪಾಜೆ ಘಾಟಿ ಇಳಿದೆವು. (2018ರಲ್ಲಿ ಕುಸಿದ ಜೋಡುಪಾಲದ ಆ ತಿರುವುಗಳಲ್ಲೇ ನಮ್ಮ ಗೋಲ್‌ಕೀಪರ್ ಎರಡು ಸಲ ವಾಂತಿ ಮಾಡಿದ್ದು.) ಸುಳ್ಯಕ್ಕೆ ಬರುವಾಗ ಸ್ವೆಟರ್ ತೆಗೆದೆವು, ಪುತ್ತೂರಿಗೆ ಬರುವಾಗ ಅಂಗಿಯ ಗುಂಡಿ ಬಿಚ್ಚಿದೆವು. ಮಂಗಳೂರಿನ ಬಿಸಿಲಲ್ಲಿ ನೆಲ ಹಂಚಿನಷ್ಟು ಗಟ್ಟಿ. ಐದು ತಿಂಗಳು ಕೆಸರಲ್ಲಿ ಆಡಿದವರಿಗೆ ಬಾಲು ಪುಟಿಯುತ್ತದೆ ಅನ್ನುವುದೇ ಮರೆತುಹೋಗಿತ್ತು. ಮೊದಲ ಆಟ ಹೇಗೋ ಡ್ರಾ ಆಗಿ ಪೆನಾಲ್ಟಿಯಲ್ಲಿ ಗೆದ್ದೆವು. ಸೆಮಿಫೈನಲಿನಲ್ಲಿ ನಮ್ಮ ರೈಟ್ ಬ್ಯಾಕಿಗೆ ಸ್ನಾಯು ಹಿಡಿದುಕೊಂಡಿತು, ಆ ಜಾಗಕ್ಕೆ ಬದಲಿಯಾಗಬಲ್ಲ ಇನ್ನಿಬ್ಬರು ಆಗಲೇ ಒಳಗೆ ಹೋಗಿಯಾಗಿತ್ತು, ಕೊನೆಯ ಹನ್ನೊಂದು ನಿಮಿಷ ನನ್ನನ್ನು ಕಳಿಸಿದರು. ನಾಲ್ಕು ಸಲ ಬಾಲು ಮುಟ್ಟಿದೆ. ಅದರಲ್ಲಿ ಒಂದು ಥ್ರೋ.

ಫೈನಲ್ಲು ಎರಡು ಒಂದು. ಎರಡನೇ ಗೋಲು ಕಾರ್ನರಿನಿಂದ, ಹಾಕಿ ಮನೆಯ ನಮ್ಮ ಕ್ಯಾಪ್ಟನ್ ತಲೆಯಲ್ಲಿ ಹೊಡೆದದ್ದು. ಕಣ್ಣು ಮುಚ್ಚಿಕೊಂಡಿದ್ದೆ ಅಂತ ಅವನೇ ಒಪ್ಪಿಕೊಂಡ. ಹಾಕಿಯಲ್ಲಿ ತಲೆ ಕೊಡುವ ಅಭ್ಯಾಸ ಇಲ್ಲವಲ್ಲ. ಕಪ್ ಸಿಕ್ಕಿತು, ಫೋಟೋ ತೆಗೆದರು, ಫಾರಂನಲ್ಲಿದ್ದ ಹದಿನಾರು ಹೆಸರಿಗೆ ಹದಿನಾರು ಸರ್ಟಿಫಿಕೇಟ್. ರಾತ್ರಿ ಹತ್ತೂವರೆಗೆ ಊರು ತಲುಪಿದಾಗ ಬಸ್‌ಸ್ಟ್ಯಾಂಡಿನಲ್ಲಿ ಎರಡು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಚಳಿಗೆ ಕಪ್ಪನ್ನು ಸ್ವೆಟರಿನೊಳಗೆ ಸುತ್ತಿಕೊಂಡು ನಿಂತಿದ್ದೆವು.

ಮರುದಿನ ಸಂಜೆ ನಾನು ಕಣಕ್ಕೆ ಹೋದೆ. ಕೊಯ್ದ ಹಣ್ಣು ತೂಗುವ ಹೊತ್ತು. ಅವನು ಚೀಲ ಇಳಿಸಿ ತಕ್ಕಡಿಗೆ ಹಾಕಿದ. ಅಪ್ಪ ತೂಕ ಕೂಗಿ ಬರೆದುಕೊಂಡರು.

"ಎಷ್ಟು?" ಅಂತ ಅವನು ನನ್ನ ಕಡೆ ತಿರುಗಿ ಕೇಳಿದ.

"ಎರಡು ಒಂದು."

"ನೆಲ ಗಟ್ಟಿಯಾ?"

"ಹಂಚು."

ತಲೆ ಆಡಿಸಿದ. ಖಾಲಿ ಚೀಲ ಒದರಿ ಹೆಗಲಿಗೆ ಹಾಕಿಕೊಂಡು ಹೋದ.

ಎರಡು ವರ್ಷದ ಮೇಲೆ ನನಗೆ ಎಂ.ಕಾಂ. ಸೀಟು ಸಿಕ್ಕಿದ್ದು ಕ್ರೀಡಾ ಕೋಟಾದಲ್ಲಿ. ನನ್ನ ಮಾರ್ಕ್ಸಿಗೆ ಜನರಲ್ ಪಟ್ಟಿಯಲ್ಲಿ ಸೀಟು ಬರುತ್ತಿರಲಿಲ್ಲ. ಆ ಎಂ.ಕಾಂ.ನಿಂದ ಕೆಲಸ, ಕೆಲಸದಿಂದ ಮೈಸೂರಿನಲ್ಲಿ ಮನೆ, ಹೀಗೆ. ಹನ್ನೊಂದು ನಿಮಿಷಕ್ಕೆ ಇಷ್ಟು. ಈ ಲೆಕ್ಕವನ್ನು ನಾನು ನನ್ನ ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅವಳು, "ನೀನು ಕದ್ದದ್ದಲ್ಲ ಅಲ್ವಾ, ಬಿಡು" ಅಂದಳು. ಕದ್ದದ್ದಲ್ಲ, ನಿಜ. ಅದಕ್ಕೇ ಬಿಡಲು ಆಗುವುದಿಲ್ಲ. ಕದ್ದಿದ್ದರೆ ವಾಪಸ್ ಕೊಡುವ ದಾರಿಯಾದರೂ ಇರುತ್ತಿತ್ತು.

ಅವನನ್ನು ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಸುಂಟಿಕೊಪ್ಪದಲ್ಲಿ ನೋಡಿದೆ. ಈಗ ಅವನದೇ ಒಂದು ಪಿಕಪ್ ಇದೆ, ಶುಂಠಿ, ಬಾಳೆ ಸಾಗಿಸುತ್ತಾನೆ. ಮಗ ಒಂದು ಟೀಮಿನಲ್ಲಿ ಆಡುತ್ತಿದ್ದ. ಲೆಫ್ಟ್ ವಿಂಗು. ಅಪ್ಪನಷ್ಟು ಕುಳ್ಳ ಅಲ್ಲ. ಗ್ರೌಂಡಿನ ಬದಿಯಲ್ಲಿ ಇಬ್ಬರೂ ಕಡ್ಲೆ ತಿನ್ನುತ್ತಾ ನಿಂತೆವು. ಮಂಜಿನ ಗೋಲಿನ ಬಗ್ಗೆ ಕೇಳಿದೆ. ಅವನಿಗೆ ಸರಿಯಾಗಿ ನೆನಪೇ ಇರಲಿಲ್ಲ, "ಯಾವುದು, ಆ ಗುಂಡಿ ನೀರಿನದ್ದಾ?" ಅಂದ. ಮಗ ಆಫ್‌ಸೈಡ್ ಆದಾಗಲೆಲ್ಲ ಮಾತು ನಿಲ್ಲಿಸಿ ಬೈಯುತ್ತಿದ್ದ. ಹಾಫ್‌ಟೈಮಿನಲ್ಲಿ ನಾನು ಧೈರ್ಯ ಮಾಡಿ ಸರ್ಟಿಫಿಕೇಟಿನ ವಿಷಯ ತೆಗೆದೆ. ನಿನಗೆ ಗೊತ್ತಿಲ್ಲ, ನನ್ನ ಎಂ.ಕಾಂ. ಸೀಟು ಇದೆಯಲ್ಲ, ಅದು...

"ಗೊತ್ತು" ಅಂದ. "ನಿಮ್ಮಪ್ಪ ಕಣದಲ್ಲಿ ಎಲ್ಲರಿಗೂ ಸ್ವೀಟ್ ಹಂಚಿದ್ರಲ್ಲ. ಫುಟ್‌ಬಾಲಲ್ಲಿ ಸೀಟು ಸಿಕ್ತು ಮಗನಿಗೆ ಅಂತ."

ನನಗೆ ಅದು ಗೊತ್ತಿರಲಿಲ್ಲ. ಅಪ್ಪ ಹೇಳಿರಲಿಲ್ಲ.

"ಏನು ಸ್ವೀಟು?" ಅಂತ ಕೇಳಿದೆ. ಬೇರೆ ಏನು ಕೇಳಬೇಕು ಅಂತ ತೋಚಲಿಲ್ಲ.

"ಮೈಸೂರು ಪಾಕು" ಅಂದ. "ನಂಗೆ ಎರಡು ಕೊಟ್ರು."

ಸೀಟಿ ಊದಿದರು. ಅವನು ಕಡ್ಲೆಯ ಪೊಟ್ಟಣ ನನ್ನ ಕೈಗೆ ಕೊಟ್ಟು, ಗೆರೆಯ ಹತ್ತಿರ ಹೋಗಿ ನಿಂತು ಮಗನಿಗೆ ಹಿಂದೆ ಬಾ, ಹಿಂದೆ ಬಾ ಅಂತ ಕೈ ಬೀಸಿದ.